ಲಿನಕ್ಸ್‌ನಲ್ಲಿ ಸಿಪಿಯು ಬಿಸಿ ನಿಜಕ್ಕೂ ಎಷ್ಟು?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಭಾವ ಯಕ್ಷಗಾನದ ವಿಡಿಯೊ ಎಡಿಟ್ ಮಾಡುತ್ತಾರೆ. ಲಿನಕ್ಸ್ ಡೆಸ್ಕ್‌ಟಾಪ್, ಎಎಂಡಿ ಕಂಪನಿಯ ರೈಜೆನ್ 7 2700ಎಕ್ಸ್ ಪ್ರೊಸೆಸರ್. ಮೇ ತಿಂಗಳ ಸೆಕೆಯಲ್ಲಿ ಫೋನ್ ಮಾಡಿದರು: "ಒಂದು ಕಡೆ 16.8 ಡಿಗ್ರಿ ಅಂತದೆ, ಇನ್ನೊಂದು ಕಡೆ 56. ಯಾವುದನ್ನು ನಂಬುವುದು ಮಾರಾಯ?"

16.8 ಅಂತೂ ಸಾಧ್ಯವೇ ಇಲ್ಲ. ಕೋಣೆಯೇ 33 ಡಿಗ್ರಿ ಇತ್ತು. ಫ್ಯಾನ್ ಗಾಳಿಯಲ್ಲಿ ತಣಿಯುವ ಚಿಪ್ ಕೋಣೆಗಿಂತ ತಂಪಾಗಿರುವುದು ಹೇಗೆ? ಪರದೆಯ ಮೇಲಿನ ವಿಜೆಟ್ 'ಎಸಿಪಿಐಟಿಝಡ್' ಎಂಬುದನ್ನು ಓದುತ್ತಿತ್ತು. ಅದು ಬಯೋಸ್, ಅಂದರೆ ಮದರ್‌ಬೋರ್ಡ್‌ನೊಳಗಿನ ಮೂಲ ತಂತ್ರಾಂಶ, ಕೊಡುವ ಅಂಕಿ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಅಲ್ಲಾಡುವುದೇ ಇಲ್ಲ.

ಸೆನ್ಸರ್‌ಗಳ ಅಂಕಿ ಓದುವ ಎಲ್ಎಂ-ಸೆನ್ಸರ್ಸ್ ತಂತ್ರಾಂಶ ಹಾಕಿ, ಯಾವ ಸೆನ್ಸರ್‌ಗಳಿವೆ ಎಂದು ಹುಡುಕುವ 'ಸೆನ್ಸರ್ಸ್-ಡಿಟೆಕ್ಟ್' ಓಡಿಸಿದೆ. ಅದು ಕೇಳುವ ಪ್ರಶ್ನೆಗಳಿಗೆಲ್ಲ ಸುಮ್ನೆ ಎಂಟರ್ ಒತ್ತಿದರೆ ಸಾಕು. ಆಮೇಲೆ 'ಸೆನ್ಸರ್ಸ್' ಕಮಾಂಡ್ ಕೊಟ್ಟಾಗ 'ಕೆ10ಟೆಂಪ್' (ಎಎಂಡಿ ಚಿಪ್‌ನ ಬಿಸಿ ಓದುವ ಡ್ರೈವರ್) ಕೆಳಗೆ ಎರಡು ಸಾಲು ಬಂತು: ಟಿಸಿಟಿಎಲ್ 56, ಟಿಡೈ 46. ಗುಟ್ಟು ಇಲ್ಲೇ ಇದೆ. ಫ್ಯಾನ್ ವೇಗ ನಿಯಂತ್ರಿಸಲೆಂದು ಎಎಂಡಿ ಈ ಮಾದರಿಯಲ್ಲಿ 10 ಡಿಗ್ರಿ ಸೇರಿಸಿ ಟಿಸಿಟಿಎಲ್ ಕೊಡುತ್ತದೆ. 1700ಎಕ್ಸ್, 1800ಎಕ್ಸ್‌ನಲ್ಲಾದರೆ 20 ಡಿಗ್ರಿ ಜಾಸ್ತಿ. ಚಿಪ್‌ನ ನಿಜವಾದ ಬಿಸಿ ಟಿಡೈ.

ಮದರ್‌ಬೋರ್ಡ್‌ನ ಸಾಲುಗಳಲ್ಲಿ ಒಂದು 127 ಡಿಗ್ರಿ ತೋರಿಸುತ್ತಿತ್ತು. ಭಾವ ಗಾಬರಿಯಾದರು. ಆ ಪಿನ್‌ಗೆ ಸೆನ್ಸರನ್ನೇ ಜೋಡಿಸಿರಲಿಲ್ಲ, ಅಷ್ಟೇ. 'ಇಟಿಸಿ' ಒಳಗಿನ 'ಸೆನ್ಸರ್ಸ್.ಡಿ' ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಆ ಸಾಲಿಗೆ 'ಇಗ್ನೋರ್' ಬರೆದೆ.

ಇಷ್ಟಾದರೂ ಪರೀಕ್ಷೆ ಮಾಡದೆ ನಾನು ಯಾವ ಅಂಕಿಯನ್ನೂ ನಂಬುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ಸೆಕೆಂಡಿಗೊಮ್ಮೆ 'ಸೆನ್ಸರ್ಸ್' ಬರುವಂತೆ 'ವಾಚ್' ಇಟ್ಟೆ. ಇನ್ನೊಂದರಲ್ಲಿ 'ಸ್ಟ್ರೆಸ್-ಎನ್‌ಜಿ'ಯಿಂದ ಎಲ್ಲಾ ಕೋರ್‌ಗಳಿಗೂ ಕೆಲಸ ಕೊಟ್ಟೆ. ಟಿಡೈ ಥಟ್ಟನೆ ಮೇಲೆ ಹಾರಿತು, ನಿಲ್ಲಿಸಿದ ಕೂಡಲೇ ಇಳಿಯಿತು. ಬೋರ್ಡ್‌ನ ಬಿಸಿ ನಿಧಾನಕ್ಕೆ ಏರಿತು. ಆ 16.8 ಮಾತ್ರ ಕದಲಲಿಲ್ಲ. "ಇದು ಬರೀ ಬೊಗಳೆ ಅಲ್ವಾ!" ಎಂದರು ಭಾವ.

ವಿಜೆಟ್‌ಗೆ ದಾರಿ ತೋರಿಸುವಾಗ ಒಂದು ಎಚ್ಚರ ಬೇಕು. ಲಿನಕ್ಸ್ ಸೆನ್ಸರ್ ಅಂಕಿಗಳನ್ನು ಇಡುವ ಫೋಲ್ಡರ್‌ಗಳ ಹೆಸರು 'ಎಚ್‌ಡಬ್ಲ್ಯೂಮಾನ್', ಅದರ ಮುಂದಿನ ನಂಬರ್ ರೀಬೂಟ್ ಆದಾಗ ಬದಲಾಗಬಹುದು. ಹಾಗಾಗಿ ಪ್ರತಿ ಫೋಲ್ಡರ್‌ನ 'ನೇಮ್' ಫೈಲ್ ನೋಡಿ 'ಕೆ10ಟೆಂಪ್' ಹುಡುಕುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಅಲ್ಲಿ ಅಂಕಿ ಡಿಗ್ರಿಯ ಸಾವಿರದೊಂದು ಭಾಗದ ಲೆಕ್ಕದಲ್ಲಿರುತ್ತದೆ, ಹಾಗಾಗಿ ಸಿಗುವ 46000 ಅನ್ನು ಸಾವಿರದಿಂದ ಭಾಗಿಸಬೇಕು.

ಈಗ ಮಧ್ಯಾಹ್ನ ವಿಡಿಯೊ ರೆಂಡರ್ ಆಗುವಾಗ ಟಿಡೈ 79 ಮುಟ್ಟುತ್ತದೆ. ಈ ಚಿಪ್‌ನ ಮಿತಿ 85. ಕ್ಯಾಬಿನೆಟ್ಟನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದಿಟ್ಟಿದ್ದೇವೆ.

ಇಂಟೆಲ್ ಪ್ರೊಸೆಸರ್ ಇದ್ದವರು 'ಕೆ10ಟೆಂಪ್' ಬದಲು 'ಕೋರ್‌ಟೆಂಪ್' ನೋಡಿ. ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಎಂದು ಅಲ್ಲಿನ ಸೆನ್ಸರ್ ಅಳೆಯುತ್ತದೆ. ಬಿಸಿ ಏರಿದಾಗ ಆ ಲೆಕ್ಕ ನಿಖರ. ಯಂತ್ರ ಸುಮ್ಮನಿದ್ದಾಗ ಕೆಲವು ಡಿಗ್ರಿ ಆಚೀಚೆ ಆಗಬಹುದು.