ಕಾಲು ಸಮಕ್ಕೆ ಬೀಳಲಿ: ಲೂಪ್ ಪೆಡಲ್ ಹಿಡಿತಕ್ಕೆ ತರುವುದು ಹೇಗೆ?

ನುಡಿಸಿದ್ದನ್ನು ರೆಕಾರ್ಡ್ ಮಾಡಿಕೊಂಡು ಮತ್ತೆ ಮತ್ತೆ ಕೇಳಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆಯೇ ಲೂಪ್ ಪೆಡಲ್. ಅದನ್ನು ಕೊಂಡ ಹೊಸದರಲ್ಲಿ ನನ್ನನ್ನು ಕಾಡಿದ್ದು ಒಂದೇ ತೊಂದರೆ. ನುಡಿಸಿದ್ದು ಚೆನ್ನಾಗಿಯೇ ಇರುತ್ತಿತ್ತು, ತಿರುಗಿ ಬರುವಾಗ ಎಡವುತ್ತಿತ್ತು. ಪ್ರತಿ ಸುತ್ತಿನ ಕೊನೆಯಲ್ಲಿ ಒಂದು ಸಣ್ಣ ಕುಂಟು. ಪೆಡಲ್ ಕೆಟ್ಟಿರಲಿಲ್ಲ. ಕಾಲು ತಪ್ಪು ಜಾಗದಲ್ಲಿ ಬೀಳುತ್ತಿತ್ತು.

ಬಾಸ್ ಕಂಪನಿಯ ಆರ್‌ಸಿ-1 ಇಟ್ಟುಕೊಂಡೇ ಹೇಳುತ್ತೇನೆ. ಇದಕ್ಕೆ ಒಂದೇ ಪೆಡಲ್, ಒಂದೇ ನಾಬ್. 12 ನಿಮಿಷದವರೆಗೆ ರೆಕಾರ್ಡ್ ಆಗುತ್ತದೆ. ಆದಿತಾಳದ ಒಂದು ಆವರ್ತನ, ಅಂದರೆ ಒಂದು ಪೂರ್ತಿ ಸುತ್ತು, ಎಂಟು ಅಕ್ಷರ (ಎಣಿಕೆ). ಅಕ್ಷರಕ್ಕೆ ಒಂದು ಸೆಕೆಂಡಿನಂತೆ ಹಿಡಿದರೆ 90 ಆವರ್ತನ. ನಮಗೆ ಬೇಕಾಗಿರುವುದು ಒಂದೇ ಒಂದು.

ಗಿಟಾರ್ ವೈರು ಪೆಡಲ್‌ನ ಇನ್‌ಪುಟ್‌ಗೆ, ಔಟ್‌ಪುಟ್ ಆಂಪ್‌ಗೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಇದ್ದರೆ ಅದು ಲೂಪ್ ಪೆಡಲ್‌ಗಿಂತ ಮೊದಲು ಬರಲಿ. ಇಲ್ಲದಿದ್ದರೆ ಲೂಪ್ ಪೂರ್ತಿ ಅದರೊಳಗೇ ಹಾದು ಕಲಸಿಹೋಗುತ್ತದೆ.

ಮೊದಲು ಏನೂ ಒತ್ತದೆ, ಒಂದು ಆವರ್ತನ ಸುಮ್ನೆ ತಾಳ ಹಾಕಿ. ಮುಂದಿನ ಸಮಕ್ಕೆ, ಅಂದರೆ ಆವರ್ತನ ಶುರುವಾಗುವ ಮೊದಲ ಏಟಿಗೆ, ಸರಿಯಾಗಿ ಪೆಡಲ್ ಒತ್ತಿ. ಕೆಂಪು ದೀಪ ಬಂತು, ರೆಕಾರ್ಡ್ ಶುರುವಾಯಿತು. ಎಂಟು ಅಕ್ಷರ ನುಡಿಸಿ.

ಎಲ್ಲರೂ ಎಡವುವುದು ಇಲ್ಲೇ. ಎಂಟನೇ ಅಕ್ಷರ ನುಡಿಸಿದ ತಕ್ಷಣ ಒತ್ತಬೇಡಿ. ಅದು ಪೂರ್ತಿ ಕಳೆದು ಮುಂದಿನ ಸಮ ಬರಲಿ, ಆಗ ಒತ್ತಿ. ಎರಡು ಒತ್ತಿನ ನಡುವಿನ ಹೊತ್ತನ್ನೇ ಪೆಡಲ್ ಲೂಪಿನ ಉದ್ದ ಅಂತ ತಿಳಿಯುತ್ತದೆ. ಬೇಗ ಒತ್ತಿದರೆ ಕೊನೆಯ ಅಕ್ಷರ ಮೊಟಕಾಗುತ್ತದೆ, ತಡವಾದರೆ ನಡುವೆ ಖಾಲಿ ಬೀಳುತ್ತದೆ. ಕಾಲು ಒತ್ತುವಾಗ ಕೈ ನಿಲ್ಲಬಾರದು. ಎರಡನೇ ಸುತ್ತು ನುಡಿಸುವವರ ಹಾಗೆ ಮುಂದುವರಿಸಿ, ಆಗ ಕಾಲು ತಾನಾಗಿ ಸಮಕ್ಕೆ ಬೀಳುತ್ತದೆ.

ಈಗ ಹಸಿರು ದೀಪ. ದುಂಡಗೆ ಜೋಡಿಸಿದ 24 ದೀಪಗಳು ಲೂಪ್ ಎಲ್ಲಿಗೆ ಬಂದಿದೆ ಅಂತ ತೋರಿಸುತ್ತವೆ. ಆದಿತಾಳದಲ್ಲಿ ಅಕ್ಷರಕ್ಕೆ ಮೂರು ದೀಪ. ನಾಬ್ ತಿರುಗಿಸಿದರೆ ಲೂಪಿನ ಸದ್ದು ಮಾತ್ರ ಏರಿಳಿಯುತ್ತದೆ, ನೀವು ಈಗ ನುಡಿಸುತ್ತಿರುವುದು ಹಾಗೇ ಇರುತ್ತದೆ. ಲೂಪ್ ಸ್ವಲ್ಪ ಕೆಳಗಿರಲಿ.

ಮೇಲೊಂದು ಪದರ ಸೇರಿಸಲು ಮತ್ತೊಮ್ಮೆ ಒತ್ತಿ. ಸಾಕೆನಿಸಿದಾಗ ಇನ್ನೊಮ್ಮೆ. ಆ ಪದರ ಹಿಡಿಸಲಿಲ್ಲವೇ? ಎರಡು ಸೆಕೆಂಡ್ ಒತ್ತಿ ಹಿಡಿಯಿರಿ, ಹೋಗುತ್ತದೆ. ಮತ್ತೆ ಹಾಗೇ ಹಿಡಿದರೆ ವಾಪಸ್ ಬರುತ್ತದೆ. ಇದು ತಪ್ಪು ತಿದ್ದುವುದಕ್ಕಷ್ಟೇ ಅಲ್ಲ. ಹಾಡುವಾಗ ಪದರ ತೆಗೆದು, ಪಲ್ಲವಿಗೆ ಮರಳಿದಾಗ ಸೇರಿಸಿ ನೋಡಿ, ಎಷ್ಟು ಚೆಂದ ಕೇಳುತ್ತದೆ!

ನಿಲ್ಲಿಸಲು ಬೇಗಬೇಗ ಎರಡು ಸಲ ಒತ್ತಬೇಕು. ಸದ್ದು ನಿಲ್ಲುವುದು ಎರಡನೇ ಒತ್ತಿಗೆ. ಹಾಗಾಗಿ ಮೊದಲನೆಯದು ಸಮಕ್ಕಿಂತ ಅರ್ಧ ಅಕ್ಷರ ಮುಂಚೆ, ಎರಡನೆಯದು ಸಮದ ಮೇಲೆ. ಆ ಅರ್ಧ ಅಕ್ಷರದಲ್ಲಿ ತಂತಿ ಮೀಟಬೇಡಿ. ವೇದಿಕೆಯಲ್ಲಿ ಜಾಸ್ತಿ ನುಡಿಸುವವರು ಹೊರಗಿನ ಸ್ವಿಚ್ ಜೋಡಿಸಿಕೊಂಡರೆ ಒಂದೇ ಒತ್ತಿಗೆ ನಿಲ್ಲಿಸಬಹುದು. ನಿಂತ ಮೇಲೆ ಎರಡು ಸೆಕೆಂಡ್ ಒತ್ತಿ ಹಿಡಿದರೆ ಎಲ್ಲ ಅಳಿಸುತ್ತದೆ.

ಆದಿತಾಳ ಕೂತ ಮೇಲೆ ಏಳು ಅಕ್ಷರದ ಮಿಶ್ರಛಾಪು ತಾಳ ಹಿಡಿಯಿರಿ. 24 ದೀಪಗಳನ್ನು 7 ಅಕ್ಷರಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ, ಅಲ್ವಾ? ದೀಪ ನೋಡುವುದು ಬಿಡಿ. ಬಾಯಲ್ಲಿ ತಕಿಟ ತಕಧಿಮಿ ಹೇಳಿಕೊಂಡೇ ಪೆಡಲ್ ಒತ್ತಿ.