ಗ್ರೂಪ್‌ನಲ್ಲಿ ಸುಮ್ನೆ ನೋಡುತ್ತಿದ್ದ ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ

ನಾನು ಶಾಲೆಯಲ್ಲಿ ಆಪ್ತ ಸಮಾಲೋಚಕಿ. ಹೆಚ್ಚಾಗಿ 13ರಿಂದ 16 ವರ್ಷದ ಮಕ್ಕಳು ಬರುತ್ತಾರೆ. ಆನ್‌ಲೈನ್ ಕಿರುಕುಳದ ದೂರು ಬಂದರೆ ಎಲ್ಲರ ಗಮನ ಇಬ್ಬರ ಮೇಲೇ ಇರುತ್ತದೆ. ಕಾಟ ಕೊಟ್ಟವರು ಯಾರು, ಅನುಭವಿಸಿದವರು ಯಾರು ಅಂತ. ಆದರೆ ನಾನು ಜಾಸ್ತಿ ಹೊತ್ತು ಕೂರುವುದು ಉಳಿದವರ ಜೊತೆ. ಎಲ್ಲವನ್ನೂ ನೋಡಿ, ಒಂದು ನಗುವ ಎಮೋಜಿ ಹಾಕಿ ಮುಂದೆ ಹೋದವರ ಜೊತೆ.

"ನಾವೇನೂ ಮಾಡಿಲ್ಲ ಮಿಸ್, ಸುಮ್ನೆ ನೋಡಿದ್ವಿ" ಅನ್ನುತ್ತಾರೆ. ಆದರೆ ಆ ಎಮೋಜಿಗಳು ಮೀಮ್ ಹಾಕಿದವನಿಗೆ ಚಪ್ಪಾಳೆ. ಅದಕ್ಕೆ ಗುರಿಯಾದ ಹುಡುಗಿಗೆ ಇಡೀ ತರಗತಿಯೇ ತನ್ನನ್ನು ನೋಡಿ ನಕ್ಕಂತೆ. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಶಾಲೆಗಳಲ್ಲಿ ಕಿರುಕುಳ ತಡೆಯುವ 'ಕಿವಾ' ಕಾರ್ಯಕ್ರಮವೂ ಹೀಗೆ ನೋಡುತ್ತಾ ನಿಂತವರನ್ನು ಬದಲಾಯಿಸುವುದಕ್ಕೇ ಒತ್ತು ಕೊಡುತ್ತದೆ. ನನಗೆ ದಾರಿ ಸಿಕ್ಕಿದ್ದು ಅಲ್ಲಿಂದಲೇ.

ತರಗತಿಯಲ್ಲಿ ಮೊದಲು ಒಂದು ಆಟ. "ಓ, ನೀನೂ ಬಂದ್ಯಾ" ಅನ್ನುವ ಮೆಸೇಜನ್ನು ಬೇರೆ ಬೇರೆ ಮಕ್ಕಳು ಜೋರಾಗಿ ಓದಬೇಕು. ಒಬ್ಬಳ ಬಾಯಲ್ಲಿ ಅದು ಖುಷಿ, ಇನ್ನೊಬ್ಬನ ಬಾಯಲ್ಲಿ ಚುಚ್ಚುಮಾತು. ಪರದೆಯ ಮೇಲೆ ದನಿ ಇಲ್ಲ, ಮುಖ ಇಲ್ಲ. ಎದುರಿನವರ ಕಣ್ಣು ತುಂಬಿದ್ದೂ ಕಾಣುವುದಿಲ್ಲ. ಹೀಗೆ ಆನ್‌ಲೈನ್‌ನಲ್ಲಿ ಸಂಕೋಚ ಕಳಚಿಬೀಳುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದಾರೆ.

ಆಮೇಲೆ ಭಾವನೆಗಳ ಮಾತು. "ಬೇಜಾರಾಯ್ತು" ಅಂದರೆ ನಾನು ಅಲ್ಲಿಗೇ ಬಿಡುವುದಿಲ್ಲ. ಅವಮಾನವಾ, ಭಯವಾ, ಹೊಟ್ಟೆಕಿಚ್ಚಾ? ಗೆಳತಿಯ ಫೋಟೋ ತಿರುಚಿ ಹಾಕಿದ್ದ ಒಬ್ಬಳು ತುಂಬಾ ಹೊತ್ತು ಯೋಚಿಸಿ, "ಅವರೆಲ್ಲ ನನ್ನ ಬಿಟ್ಟು ಹೋಗಿದ್ರು" ಅಂದಳು. ಆ ನೋವು ನಿಜ. ಅವಳು ಮಾಡಿದ್ದು ತಪ್ಪು ಅನ್ನುವುದೂ ನಿಜ. ಎರಡನ್ನೂ ಅವಳಿಗೆ ಹೇಳಿದೆ.

ಎಲ್ಲರ ಮುಂದೆ ಎದ್ದು ನಿಂತು ವಿರೋಧಿಸುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಮುಂದಿನ ಗುರಿ ತಾನೇ ಆದರೆ ಅನ್ನುವ ಹೆದರಿಕೆ ಸಹಜ ಅಲ್ವಾ? ಹಾಗಾಗಿ ಚಿಕ್ಕ ಕೆಲಸ ಹೇಳಿಕೊಡುತ್ತೇನೆ. ನಗಬೇಡ, ಫಾರ್ವರ್ಡ್ ಮಾಡಬೇಡ, ಅಳಿಸಲು ಅಡ್ಮಿನ್‌ಗೆ ಹೇಳು. ನೊಂದವರಿಗೆ ಬೇರೆಯಾಗಿ ಒಂದು ಸಾಲು ಕಳಿಸು: "ಅವರು ಹಾಕಿದ್ದು ನನಗೆ ಇಷ್ಟ ಆಗ್ಲಿಲ್ಲ. ನಾಳೆ ನನ್ನ ಜೊತೆ ಕೂತ್ಕೋ." ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಸಾಲು. ಮರುದಿನ ಶಾಲೆಗೆ ಬರುವ ಧೈರ್ಯ ಅದರಿಂದಲೇ ಬಂತು ಅಂದ ಮಕ್ಕಳಿದ್ದಾರೆ.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಒಂದೇ: ವಿಷಯ ಹೇಳಿದ ಮಗುವಿನ ಫೋನ್ ಕಸಿಯಬೇಡಿ. ಆ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ ಮಗುವಿನ ಬೆತ್ತಲೆ ಚಿತ್ರವಾದರೆ ಅದೂ ಬೇಡ, ಯಾರಿಗೂ ಕಳಿಸುವುದೂ ಬೇಡ. ಅದಕ್ಕೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಕೇತ, ಅಂದರೆ ಬೆರಳಚ್ಚಿನಂಥ ಒಂದು ಕೋಡ್, ಮಾತ್ರ ಹೋಗುತ್ತದೆ. ಆ ಸೇವೆಗೆ ಸೇರಿರುವ ಜಾಲತಾಣಗಳು ಆ ಸಂಕೇತ ನೋಡಿ ಚಿತ್ರವನ್ನು ಹುಡುಕಿ ತೆಗೆಯಬಲ್ಲವು.

ಕಾಟ ಕೊಟ್ಟವರನ್ನೂ ಅನುಭವಿಸಿದವರನ್ನೂ ಎದುರುಬದುರು ಕೂರಿಸಿ ಕೈ ಕುಲುಕಿಸಲು ನಾನು ಒಪ್ಪುವುದಿಲ್ಲ. ಒಬ್ಬರ ಹಿಂದೆ ಗುಂಪೇ ಇದೆ, ಇನ್ನೊಬ್ಬರು ಒಂಟಿ. ಅಲ್ಲಿ ಹುಟ್ಟುವ "ಸಾರಿ" ಬಾಗಿಲು ದಾಟುವುದಿಲ್ಲ. ಬೇರೆ ಬೇರೆಯಾಗಿ ಮಾತಾಡುತ್ತೇನೆ. ಕೆಲವು ವಾರ ಬಿಟ್ಟು ನೊಂದ ಮಗುವನ್ನು ಮತ್ತೆ ಕರೆದು ಕೇಳುತ್ತೇನೆ, ಯಾಕಂದರೆ ಹಳೇ ಚಿತ್ರ ಹೊಸ ಗ್ರೂಪ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಗಲೇ.