‘ನಾನೇ ಯೋಚ್ನೆ ಮಾಡಿ ತಗೊಂಡಿದ್ದು’ ಅನ್ನೋ ಮೊದ್ಲು ಹಿಂಗೊಂದ್ಸಲ ಚೆಕ್ ಮಾಡ್ರಿ

ಹೋದ್ ದೀಪಾವಳಿಗೆ ಬೈಕ್ ತಗೊಂಡೆ, ಯಾರ್ ಕೇಳಿದ್ರೂ ಮೈಲೇಜ್ ಚೆನ್ನಾಗೈತೆ ಅದ್ಕೆ ಅಂತಿದ್ದೆ, ಒಂದಿನ ನಮ್ಮಕ್ಕ ಮಂಡಕ್ಕಿ ಕಲಸ್ತಾ ‘ನಿನ್ ಷಡ್ಕ ಹೊಸ ಬೈಕ್ ತಂದ್ ಹದಿನೈದ್ ದಿನಕ್ಕೆ ನಿಂಗೂ ಮೈಲೇಜ್ ನೆನಪಾತೇನೋ’ ಅಂದ್ಲು. ಸುಮ್ನೆ ಮಿರ್ಚಿ ತಿಂದೆ.

ಅವತ್ತಿಂದ ಒಂದ್ ರೂಢಿ ಮಾಡ್ಕೊಂಡೀನಿ. ಏನಾದ್ರೂ ದೊಡ್ಡದ್ ತಗೊಳ್ಳೋದಿದ್ರೆ ಯಾಕ್ ಬೇಕು ಅಂತ ಅಂಗಡಿಗೆ ಹೋಗೋಕ್ ಮುಂಚೆನೇ ಚೀಟೀಲಿ ಬರೀರಿ, ಬಂದ್ಮೇಲೆ ಬರೆದ್ರೆ ಬರೀ ಕಥೆ ಬರುತ್ತೆ. ಅಮೆರಿಕದ ನಿಸ್ಬೆಟ್, ವಿಲ್ಸನ್ ಅನ್ನೋ ಸೈಕಾಲಜಿಯೋರು 1977ರಲ್ಲಿ ಬರೆದಿದ್ದೈತೆ, ನಾಲ್ಕ್ ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಯಾವ್ದು ಚೆನ್ನಾಗೈತೆ ಅಂತ ಕೇಳಿದ್ರಂತೆ, ನಾಲ್ಕೂ ಒಂದೇ ಮಾಲು, ಆದ್ರೂ ಬೇರೆ ಒಂದೊಂದಕ್ಕಿಂತ ಬಲಗಡೆ ಕೊನೇದನ್ನೇ ಜಾಸ್ತಿ ಜನ ಆರಿಸಿದ್ರು, ಅದು ಇಟ್ಟಿರೋ ಜಾಗದಿಂದ ಹಂಗಾಯ್ತಾ ಅಂದ್ರೆ ಹೆಚ್ಚುಕಮ್ಮಿ ಎಲ್ರೂ ಇಲ್ಲಪ್ಪ ಅಂದ್ರು. ಮಂಡಿಪೇಟೇಲಿ ಸೀರೆ ಹಾಸೋರ್ಗೆ ಇದನ್ನ ಯಾರೂ ಹೇಳ್ಕೊಡ್ಬೇಕಿಲ್ಲ ಬಿಡ್ರಿ.

ಆಮೇಲೆ ಒಂದೊಂದೇ ಕಾರಣ ತೆಗೆದ್ ನೋಡ್ರಿ. ಇದನ್ನ ಯಾರೂ ನೋಡಲ್ಲ ಅಂದ್ರೂ ತಗೋತೀನಾ? ಇಎಂಐ ಇಲ್ದೆ ಒಂದೇ ಸಲ ದುಡ್ ಎಣಿಸ್ಬೇಕಂದ್ರೆ? ಯಾವ್ ಪ್ರಶ್ನೆಗೆ ಸಿಟ್ ಬರುತ್ತೋ ಅಸಲಿ ಕಾರಣ ಅಲ್ಲೇ ಕೂತಿರುತ್ತೆ.

ಲಿಬೆಟ್ ಅನ್ನೋ ಅಮೆರಿಕದ ಮಿದುಳು ವಿಜ್ಞಾನಿ 1983ರಲ್ಲಿ ತೋರಿಸಿದ್ದನ್ನ ತಂದು, ನಮಗೆ ಗೊತ್ತಾಗೋಕ್ ಮುಂಚೆನೇ ಮಿದುಳು ರೆಡಿ ಆಗಿರುತ್ತೆ, ನಾವಾಗಿ ಆರಿಸೋದು ಏನೂ ಇಲ್ಲ, ಎಲ್ಲಾ ಮುಗೀತು ಅಂತಾರೆ ಕೆಲವ್ರು. ಅದು ಕೈ ಅಲ್ಲಾಡ್ಸೋ ವಿಷ್ಯ, ಅರ್ಧ ಸೆಕೆಂಡಿನ ಆಸುಪಾಸಿನ ಲೆಕ್ಕ, ಬೈಕ್ ಲೋನಿಗೆ ನಾನು ಮೂರ್ ವಾರ ಓಡಾಡಿದ್ದೆ. ಕೊನೇ ಗಳಿಗೇಲಿ ತಡೆಯೋಕೆ ಜಾಗ ಐತೆ ಅಂತ ಲಿಬೆಟ್ಟೇ ಹೇಳ್ತಿದ್ದ.

ಹಂಗಾದ್ರೆ ಇನ್ ಕೆಲವ್ರು ಅನ್ನೋಹಂಗೆ ಯಾವ್ ಆಸೆ ಸ್ಟ್ರಾಂಗೋ ಅದೇ ಗೆಲ್ಲುತ್ತಾ? ಈ ಮಾತೇ ನಂಗ್ ಹಿಡಿಸಲ್ಲ, ಯಾವ್ದು ಸ್ಟ್ರಾಂಗ್ ಅಂತ ಮೊದ್ಲೇ ಹೇಳ್ರಿ ಅಂದ್ರೆ ಹೇಳಲ್ಲ, ಗೆದ್ದಿದ್ದಕ್ಕೇ ಆಮೇಲೆ ಸ್ಟ್ರಾಂಗ್ ಅಂತ ಹೆಸರಿಡ್ತಾರೆ. ಹಂಗಂತ ಕಾರಣನೇ ಇಲ್ದೆ ಆರಿಸಿದ್ರೆ ಅದು ನಾಣ್ಯ ಚಿಮ್ಮಿದಂಗೆ, ಅದ್ರಲ್ಲಿ ನಂದೇನೈತೆ. ನಂಗನ್ಸೋದು, ಷಡ್ಕನ್ ಮೇಲಿನ್ ಹೊಟ್ಟೆಕಿಚ್ಚು ಅಂತ ಗೊತ್ತಾದ್ರೆ ಆ ಗೊತ್ತಾಗಿದ್ದೂ ತಕ್ಕಡಿಗೆ ಬೀಳುತ್ತೆ, ನಾಚಿಕೆಗೂ ತೂಕ ಐತೆ.

ಹೋದ್ ವಾರ ಫೋನ್ ಬದಲಿಸ್ಬೇಕು ಅನ್ನಿಸ್ತು. ಚೀಟೀಲಿ ‘ಕ್ಯಾಮೆರಾ’ ಅಂತ ಬರೆದೆ, ಹೊಡೆದಾಕಿ ‘ಷಡ್ಕ’ ಅಂತ ಬರೆದೆ. ಫೋನ್ ಇನ್ನೂ ಹಳೇದೇ ಐತೆ, ಸಂಬಳಾನೂ ಇನ್ನೂ ಬಂದಿಲ್ಲ, ಹಂಗಾಗಿ ಯಾವ್ದ್ರಿಂದ ನಿಂತೆ ಅಂತ ಈಗ್ಲೇ ಹೇಳೋಕಾಗಲ್ಲ.